ಹುಡುಗನ ನೇಟಿವ್ ಯಾವುದು

ಜಯನಗರ

ಜನ ಕೆನಡಾಕ್ಕೆ ಜಲಪಾತ ನೋಡಲು ಹೋಗುತ್ತಾರೆ. ನಾನು ಹೋದದ್ದು ಒಂದು ಪದದ ದೆಸೆಯಿಂದ.

ನಮ್ಮ ಅಕ್ಕ ಸರೋಜಳ ಮೊಮ್ಮಗಳು ಅನನ್ಯ ಅಲ್ಲೇ ಹುಟ್ಟಿ ಬೆಳೆದವಳು. ಸಾಸ್ಕಟೂನ್ ಎಂಬ ಊರಿನ ಶಾಲೆಯೊಂದರಲ್ಲಿ ಟೀಚರ್. ಅವಳ ಕನ್ನಡ ಅಜ್ಜಿಯ ಬಳಕೆಗೆಂದೇ ಎತ್ತಿಟ್ಟ ಕನ್ನಡ: ಊಟ ಆಯ್ತಾ, ಮಂಡಿನೋವು ಹೇಗಿದೆ, ನಾನು ಚೆನ್ನಾಗಿದೀನಿ. ಕಳೆದ ವರ್ಷ ಒಂದು ಭಾನುವಾರ ವಿಡಿಯೋ ಕಾಲ್ ಮಾಡಿ, ತಾನು ಮದುವೆಯಾಗುವ ಹುಡುಗ ಸಿಕ್ಕಿದ್ದಾನೆ ಎಂದಳು. ಯಾರು, ಏನು ಎಂದು ಅಕ್ಕ ಕೇಳಿದಳು. ಅನನ್ಯ ಸ್ವಲ್ಪ ಯೋಚಿಸಿ, ಇದ್ದಬದ್ದ ಕನ್ನಡವನ್ನೆಲ್ಲ ಒಟ್ಟು ಮಾಡಿ ಹೇಳಿದಳು:

"ಅಜ್ಜಿ, ಹುಡುಗ ನೇಟಿವ್."

ಅಕ್ಕನ ಮುಖ ಅರಳಿತು. ಅರಳದೆ ಏನು ಮಾಡೀತು? ನಮ್ಮ ಕಡೆ ನೇಟಿವ್ ಎಂದರೆ ಮನುಷ್ಯನಲ್ಲ, ಊರು. ಮಹಡಿ ಮನೆ ಬಾಡಿಗೆಗೆ ಕೇಳಿಕೊಂಡು ಬಂದವರನ್ನು ಜಾತಿ ಯಾವುದು ಎಂದು ಕೇಳಿದರೆ ಚೆನ್ನಾಗಿರುವುದಿಲ್ಲವಲ್ಲ, ಆಗ ಕೇಳುವ ಪ್ರಶ್ನೆ "ನಿಮ್ಮ ನೇಟಿವ್ ಯಾವುದು?" ಎಂಬುದು. ನಮ್ಮ ನೇಟಿವ್ ಕನಕಪುರದ ಆಚೆಗಿನ ಕೆಂಚನಹಳ್ಳಿ. ತಾತ ಅದನ್ನು ಬಿಟ್ಟು ಬಂದ ಮೇಲೆ ನಮ್ಮಲ್ಲಿ ಯಾರೂ ಅತ್ತ ತಲೆ ಹಾಕಿಲ್ಲ. ಆದರೂ ಅದು ನಮ್ಮ ನೇಟಿವ್ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಕೆನಡಾದಲ್ಲಿ ಹುಡುಕಿ ಹುಡುಕಿ ಹುಡುಗಿ ಕೆಂಚನಹಳ್ಳಿಯವನನ್ನೇ ಹಿಡಿದಿದ್ದಾಳೆ ಎಂದು ಅಕ್ಕ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಸಂಜೆ ಪಾರ್ಕಿಗೆ ಹೋಗಿ ಗೆಳತಿ ಕಮಲಮ್ಮನಿಗೆ ಹೇಳಿದಳು. ಕಮಲಮ್ಮನಿಗೆ ಹೇಳಿದರೆ ಜಯನಗರದಿಂದ ಕತ್ರಿಗುಪ್ಪೆಯವರೆಗೆ ಬೇರೆ ಯಾರಿಗೂ ಹೇಳಬೇಕಾಗಿಲ್ಲ.

ಮಾರನೆಯ ದಿನ ಅಕ್ಕನ ಮಗಳು, ಅಂದರೆ ಅನನ್ಯಳ ತಾಯಿ ವಿದ್ಯಾ, ಫೋನ್ ಮಾಡಿದಳು. ಅವಳು ಅಲ್ಲಿ ಗೋಧಿ ತಳಿಗಳ ಮೇಲೆ ಕೆಲಸ ಮಾಡುವ ವಿಜ್ಞಾನಿ. ಗೋಧಿಯ ವಿಷಯದಲ್ಲಿರುವ ತಾಳ್ಮೆ ತಾಯಿಯ ವಿಷಯದಲ್ಲಿ ಇಲ್ಲ.

"ಅಮ್ಮ, ನೇಟಿವ್ ಅಂದ್ರೆ ನಮ್ಮ ಊರಲ್ಲ. ಈ ದೇಶದ ಮೂಲದವರು. ಬಿಳಿಯರು ಬರೋಕ್ಕೆ ಮುಂಚೆ ಇಲ್ಲಿದ್ದೋರು."

ಅಕ್ಕ, "ಅಂದ್ರೆ ಕಾಡಲ್ಲಿರ್ತಾನಾ?" ಎಂದಳು.

"ಶಾಲೇಲಿ ಫಿಸಿಕ್ಸ್ ಹೇಳ್ಕೊಡ್ತಾನೆ."

ಹುಡುಗನ ಹೆಸರು ಡ್ಯಾನಿಯಲ್, ಅವನು ಕ್ರೀ ಎಂಬ ಜನಾಂಗದವನು ಎಂದು ತಿಳಿಸಿದ ವಿದ್ಯಾ, ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಳು. ಅಲ್ಲಿಗೆ ಬಂದಾಗ ನಾವು ನೇಟಿವ್ ಎಂಬ ಮಾತು ಆಡಬಾರದು, ಅದೀಗ ಹಳೆಯ ಮಾತು. ಇಂಡಿಯನ್ ಎಂದಂತೂ ಅನ್ನಲೇಬಾರದು. ಹಾಗಾದರೆ ಅನನ್ಯ ಅಂದಳಲ್ಲ ಎಂದು ನಾನು ಕೇಳಿದೆ. ಡ್ಯಾನಿಯಲ್ ತನ್ನನ್ನು ತಾನು ಹಾಗೆ ಕರೆದುಕೊಳ್ಳುತ್ತಾನಂತೆ, ಅದು ಅವಳ ಬಾಯಿಗೂ ಹತ್ತಿದೆಯಂತೆ. ಇದು ನನಗೆ ಅರ್ಥವಾಯಿತು. ನಮ್ಮ ಮನೆಯವರನ್ನು ನಾವು ಬೈಯುವುದಕ್ಕೂ ಎದುರುಮನೆಯವರು ಬೈಯುವುದಕ್ಕೂ ವ್ಯತ್ಯಾಸವಿದೆ.

ಮೂರನೆಯ ದಿನ ಅಕ್ಕ, ಹೋಗುವುದೇ ಸರಿ, ಹುಡುಗನನ್ನು ಕಣ್ಣಾರೆ ನೋಡದೆ ಆಶೀರ್ವಾದ ಮಾಡುವುದಿಲ್ಲ ಎಂದಳು. ನಾನೂ ಜೊತೆಗೆ ಹೊರಡಬೇಕೆಂದು ಅಪ್ಪಣೆಯಾಯಿತು. ನಾನು ವಿಮಾ ಕಚೇರಿಯಲ್ಲಿ ಬದುಕು ಸವೆಸಿ ನಿವೃತ್ತಳಾದವಳು, ಮದುವೆಯಾಗದವಳು, ಅಕ್ಕನ ಮನೆಯಲ್ಲೇ ಇರುವವಳು. ಇಲ್ಲ ಎನ್ನಲು ನನ್ನಲ್ಲಿ ಕಾರಣ ಇರಲಿಲ್ಲ. ಪಾರ್ಕಿನಲ್ಲಿ ಮಾತ್ರ ಯಾವ ತಿದ್ದುಪಡಿಯೂ ಆಗಲಿಲ್ಲ. ಕಮಲಮ್ಮನ ಲೆಕ್ಕದಲ್ಲಿ ಹುಡುಗ ಕೆಂಚನಹಳ್ಳಿಯವನಾಗಿಯೇ ಉಳಿದ.

ಟೊರೊಂಟೊ

ಪಾಸ್‌ಪೋರ್ಟ್ ನೋಡುವ ಅಧಿಕಾರಿ ಪೇಟ ಕಟ್ಟಿದ ಸರದಾರ್ಜಿ. ಅಕ್ಕನಿಗೆ ಪರದೇಶಕ್ಕೆ ಬಂದ ಭಯವೆಲ್ಲ ಅಲ್ಲೇ ಇಳಿಯಿತು. ಯಾಕೆ ಬಂದಿರಿ ಎಂದು ಆತ ಹಿಂದಿಯಲ್ಲೇ ಕೇಳಿದ. ಮೊಮ್ಮಗಳ ಮದುವೆ ಎಂದೆವು. ಹುಡುಗ ನಮ್ಮ ದೇಶದವನೋ ಎಂದ. ನಾನು ವಿದ್ಯಾ ಹೇಳಿಕೊಟ್ಟ ಉದ್ದನೆಯ ಸಭ್ಯ ಪದವನ್ನು ನೆನಪಿಸಿಕೊಳ್ಳುವಷ್ಟರಲ್ಲಿ ಅಕ್ಕ ಮುಂದೆ ಬಂದಳು. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸೂಪರ್‌ವೈಸರ್ ಆಗಿದ್ದವಳು, ಅವಳ ಇಂಗ್ಲಿಷಿಗೆ ಭಯವೆಂಬುದಿಲ್ಲ.

"ಬಾಯ್ ಈಸ್ ಲೋಕಲ್," ಎಂದಳು.

ಅಧಿಕಾರಿ ನಕ್ಕು ಮುದ್ರೆ ಒತ್ತಿದ. ನನಗೆ ನಗು ಬಂದದ್ದು ಬೇರೆ ಕಾರಣಕ್ಕೆ. ಅಕ್ಕ ಆ ಪದವನ್ನು ಮೂಗು ಮುರಿಯದೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಮ್ಮಲ್ಲಿ ಬೇಗ ಸುಟ್ಟುಹೋಗುವ ಚಾರ್ಜರ್ ಲೋಕಲ್, ಬೀದಿಯಲ್ಲಿ ನಿಂತು ಕೂಗಾಡುವವನು ಲೋಕಲ್. ಅದೇ ಜನ ಪತ್ರಿಕೆಯಲ್ಲಿ ಸ್ಥಳೀಯರು ಆಗುತ್ತಾರೆ. ಅಪಘಾತವಾದಾಗ ಎಲ್ಲಿಂದಲೋ ಓಡಿಬಂದು ಗಾಯಾಳುಗಳನ್ನು ಆಸ್ಪತ್ರೆಗೆ ಸೇರಿಸಿ ಮತ್ತೆ ಮಾಯವಾಗುವವರು. ಜಯನಗರದಲ್ಲಿ ಇಷ್ಟು ವರ್ಷ ಇದ್ದೂ ನಾವು ಯಾವತ್ತೂ ಲೋಕಲ್ ಆಗಿಲ್ಲ, ಸ್ಥಳೀಯರೂ ಆಗಿಲ್ಲ. ನಾವು ರೆಸಿಡೆಂಟ್ಸ್.

ನಮ್ಮ ಒಂದು ಸೂಟ್‌ಕೇಸ್ ಟೊರೊಂಟೊದಲ್ಲಿ ಬರಲೇ ಇಲ್ಲ. ಅಕ್ಕನ ಸೀರೆಗಳೆಲ್ಲ ಅದರಲ್ಲಿದ್ದವು.

ಸಾಸ್ಕಟೂನ್

ಸಾಸ್ಕಟೂನ್ ಎಂದರೆ ಒಂದು ಹಣ್ಣಿನ ಹೆಸರಂತೆ, ಕ್ರೀ ಭಾಷೆಯದು. ನೇರಳೆಯ ಬಣ್ಣ, ಕಾಕಿಹಣ್ಣಿನ ಗಾತ್ರ. ಬೆಂದ ಕಾಳಿನಿಂದ ಹೆಸರು ಪಡೆದ ಊರೆಂದು ಕಥೆ ಹೇಳಿಕೊಳ್ಳುವವರು ನಾವು, ಹಣ್ಣಿನ ಹೆಸರಿನ ಊರಿಗೆ ಬಂದಿಳಿದೆವು. ಹೆಸರು ಕೊಟ್ಟವರು ಎಲ್ಲಿದ್ದಾರೆ ಎಂದು ವಿದ್ಯಾಳನ್ನು ಕೇಳಿದೆ. ಬಹಳ ಜನ ಈ ಊರಲ್ಲೇ ಇದ್ದಾರೆ, ಉಳಿದವರು ಸರ್ಕಾರ ಅವರಿಗೆಂದು ಬಿಟ್ಟುಕೊಟ್ಟ ರಿಸರ್ವ್ ಎಂಬ ತುಂಡು ನೆಲಗಳಲ್ಲಿದ್ದಾರೆ ಎಂದಳು. ಅವರದೇ ನೆಲವನ್ನು ಅವರಿಗೇ ಬಿಟ್ಟುಕೊಡುವುದು ಹೇಗೆ ಎಂದು ಅಕ್ಕ ಕೇಳಿದಳು. ವಿದ್ಯಾ ಕಾರು ಓಡಿಸುವುದರ ಕಡೆ ಗಮನ ಕೊಟ್ಟಳು.

ಮರುದಿನ ಪಕ್ಕದ ಮನೆಯ ಮುದುಕ, ಬಾಬ್ ಎಂದು ಹೆಸರು, ನಮ್ಮನ್ನು ಸ್ವಾಗತಿಸಲು ಸೇಬಿನ ಕಡುಬಿನಂಥದ್ದೇನನ್ನೋ ತಟ್ಟೆಯಲ್ಲಿ ಹಿಡಿದು ಬಂದರು. ಅವರ ತಾತ ಯುರೋಪಿನಿಂದ ಬಂದವನಂತೆ. ನೀವು ಈಸ್ಟ್ ಇಂಡಿಯನ್ಸ್ ಅಲ್ಲವೇ ಎಂದರು. ಅಕ್ಕ ಅಲ್ಲ ಎಂದಳು, ನಾವು ಸೌತ್, ಅದರಲ್ಲೂ ಬೆಂಗಳೂರು ಸೌತ್. ಈ ದೇಶದಲ್ಲಿ ಇಂಡಿಯನ್ನರು ಎರಡು ಬಗೆ, ಅವರಲ್ಲಿ ನಾವು ಪೂರ್ವದವರು ಎಂದು ವಿದ್ಯಾ ವಿವರಿಸಬೇಕಾಯಿತು.

ಮಾತು ಮದುವೆಗೆ ತಿರುಗಿತು. ಬಾಬ್ ದನಿ ತಗ್ಗಿಸಿದರು. ಡ್ಯಾನಿಯಲ್ ಒಳ್ಳೆಯ ಹುಡುಗ, ಆದರೆ ಆ ಜನರ ವಿಷಯ ನಿಮಗೆ ಗೊತ್ತಿಲ್ಲ, ಅವರಿಗೆ ಸರ್ಕಾರ ಎಲ್ಲ ಪುಕ್ಕಟೆ ಕೊಡುತ್ತದೆ, ನಮ್ಮಂಥವರು ತೆರಿಗೆ ಕಟ್ಟಿ ಸಾಯಬೇಕು ಎಂದರು. ಅಕ್ಕ ಅಭ್ಯಾಸಬಲದಿಂದ ತಲೆಯಾಡಿಸಿದಳು. ಇದೇ ಮಾತನ್ನು, ಇದೇ ತಗ್ಗಿದ ದನಿಯಲ್ಲಿ, ಪಾರ್ಕಿನ ಬೆಂಚಿನ ಮೇಲೆ ಅವಳೇ ಎಷ್ಟು ಸಲ ಆಡಿಲ್ಲ. ಈಗ ಹೊಸದಾಗಿ ಬಂದು ಸೇರುವವರದೂ ಅದೇ ಕಥೆ ಎಂದು ಬಾಬ್ ಮುಂದುವರಿಸಿ, ತಟ್ಟನೆ ನಮ್ಮ ಮುಖ ನೋಡಿ, ನಿಮ್ಮನ್ನಲ್ಲ ನಾನು ಹೇಳಿದ್ದು ಎಂದರು.

ಅವರು ಹೋದ ಮೇಲೆ ಅಕ್ಕ ಕೇಳಿದಳು. "ನಾಗು, ಕೊನೇಲಿ ಏನಂದ್ರು ಅವ್ರು?"

"ನಮ್ಮನ್ನಲ್ಲ ಅಂದ್ರು."

"ಅದೇ. ನಿಮ್ಮನ್ನಲ್ಲ ಅಂತ ನಾನು ಹೇಳೋದು ಯಾರಿಗೆ ಅಂತ ನಂಗೊತ್ತಿಲ್ವಾ," ಎಂದು ಅಕ್ಕ ತಟ್ಟೆಯನ್ನು ಮುಟ್ಟದೆ ಎದ್ದುಹೋದಳು.

ಸಂಜೆ ಡ್ಯಾನಿಯಲ್ ಬಂದ. ಎತ್ತರದ ಹುಡುಗ, ಉದ್ದ ಜಡೆ, ಮೆಲುಮಾತು. ಸೂಟ್‌ಕೇಸ್ ಇನ್ನೂ ಬಂದಿರಲಿಲ್ಲವಾದ್ದರಿಂದ ಅಕ್ಕ ವಿದ್ಯಾಳ ಪ್ಯಾಂಟು ತೊಟ್ಟು, ಎದೆಯ ಮೇಲೆ ಕೆಂಪು ಮೇಪಲ್ ಎಲೆ ಇದ್ದ ಸ್ವೆಟರ್ ಹಾಕಿಕೊಂಡು ಕುಳಿತಿದ್ದಳು. ಇಡೀ ಕೋಣೆಯಲ್ಲಿ ಅವಳಷ್ಟು ಕೆನಡಾದವರಂತೆ ಯಾರೂ ಕಾಣುತ್ತಿರಲಿಲ್ಲ. ಹುಡುಗ ಬಗ್ಗಿ ಕಾಲು ಮುಟ್ಟಿದ, ಅನನ್ಯ ಹೇಳಿಕೊಟ್ಟಿರಬೇಕು. ಅಕ್ಕ ಅವನನ್ನು ಎದುರಿಗೆ ಕೂರಿಸಿಕೊಂಡು, ಬಾಡಿಗೆಗೆ ಬಂದವರನ್ನು ಕೇಳುವ ದನಿಯಲ್ಲೇ ಕೇಳಿಬಿಟ್ಟಳು:

"ವಾಟ್ ಈಸ್ ಯುವರ್ ನೇಟಿವ್?"

ವಿದ್ಯಾ ಕಣ್ಣು ಮುಚ್ಚಿಕೊಂಡಳು. ಅನನ್ಯ "ಅಜ್ಜಿ" ಎಂದು ಅರ್ಧ ಎದ್ದಳು. ಡ್ಯಾನಿಯಲ್ ಮಾತ್ರ ಎಲ್ಲೂ ತಡವರಿಸಲಿಲ್ಲ. ಉತ್ತರಕ್ಕೆ ಹೋದರೆ ಒಂದು ಸರೋವರ ಇದೆ, ಅದರ ದಂಡೆಯ ರಿಸರ್ವ್ ನಮ್ಮದು, ನಮ್ಮ ತಾತ ಮುತ್ತಾತ ಎಲ್ಲ ಅಲ್ಲೇ ಮಣ್ಣಾದವರು, ಅಜ್ಜಿ ಇವತ್ತಿಗೂ ಅಲ್ಲೇ ಇದ್ದಾಳೆ, ನಾನು ತಿಂಗಳಿಗೊಮ್ಮೆಯಾದರೂ ಹೋಗುತ್ತೇನೆ ಎಂದ. ಆ ಪ್ರಶ್ನೆಗೆ ಅಷ್ಟು ಪೂರ್ತಿಯಾದ ಉತ್ತರ ಅಕ್ಕನಿಗೆ ಜಯನಗರದಲ್ಲಿ ಯಾರಿಂದಲೂ ಸಿಕ್ಕಿರಲಿಲ್ಲ.

ನಿಮ್ಮದು ಯಾವುದು ಎಂದು ಅವನು ತಿರುಗಿ ಕೇಳಿದ. ಅಕ್ಕ ಜಯನಗರ ಎಂದಳು. ಅದಕ್ಕೆ ಮುಂಚೆ ಎಂದ. ಕೆಂಚನಹಳ್ಳಿ ಎಂದಳು. ಹೇಗಿದೆ ಆ ಊರು ಎಂದು ಅವನು ಆಸೆಯಿಂದ ಕೇಳಿದಾಗ ಅಕ್ಕ ನನ್ನ ಮುಖ ನೋಡಿದಳು. ನಾನು ಕಿಟಕಿಯ ಹೊರಗೆ ನೋಡಿದೆ. ಅಲ್ಲಿ ಕೆರೆ ಇದೆ ಎಂದು ಅಕ್ಕ ಹೇಳಿದಳು. ಇರಲೂಬಹುದು.

ಊಟದ ಹೊತ್ತಿಗೆ ಮಾತು ಗುರುತಿನ ಚೀಟಿಗಳ ಕಡೆ ಹೊರಳಿತು. ಡ್ಯಾನಿಯಲ್ ಜೇಬಿನಿಂದ ಸರ್ಕಾರದ ಕಾರ್ಡೊಂದನ್ನು ತೆಗೆದು ತೋರಿಸಿದ. ಆ ಮನೆಯಲ್ಲಿ ಆಡಕೂಡದೆಂದು ನಮಗೆ ತಾಕೀತಾಗಿದ್ದ ಪದವನ್ನು ಸರ್ಕಾರ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿತ್ತು. ಈತ ಕಾನೂನಿನ ಪ್ರಕಾರ ಇಂಡಿಯನ್. ಅಕ್ಕ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದಳು. ವಿದ್ಯಾ ಅಲ್ಲಿಯ ಪ್ರಜೆಯಾಗಿ ನಮ್ಮ ಪಾಸ್‌ಪೋರ್ಟ್ ಒಪ್ಪಿಸಿ ಎಷ್ಟೋ ವರ್ಷವಾಗಿದೆ, ಅನನ್ಯ ಹುಟ್ಟಾ ಕೆನಡಿಯನ್.

"ಹಾಗಾದ್ರೆ ಈ ಮನೇಲಿ ಕಾಗದದ ಪ್ರಕಾರ ಇಂಡಿಯನ್ಸ್ ಅಂದ್ರೆ ಮೂರೇ ಜನ," ಎಂದು ಅಕ್ಕ ನನಗೆ ಹೇಳಿದಳು. "ನಾನು, ನೀನು, ಈ ಹುಡುಗ."

ಅನನ್ಯ ಅದನ್ನು ಅವನಿಗೆ ಅನುವಾದಿಸಿದಳು. ಅವನು ನಗುತ್ತ ಕಾರ್ಡನ್ನು ಜೇಬಿಗಿಟ್ಟುಕೊಂಡ. ಅಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದಳು. ಆಶೀರ್ವಾದದ ಮಾತು ಮಾತ್ರ ಎತ್ತಲಿಲ್ಲ.

ಸರೋವರದ ದಂಡೆ

"ನಾಳೆ ಕೋಕಮ್ ಹತ್ರ ಹೋಗ್ತೀವಿ," ಎಂದು ಅನನ್ಯ ಹೇಳಿದಾಗ ಅಕ್ಕ, ಕೋಕಮ್ ಅಂದರೆ ಪುನರ್ಪುಳಿ ಹಣ್ಣು ತಾನೇ, ಅದು ಇಲ್ಲೂ ಬೆಳೆಯುತ್ತಾ ಎಂದಳು. ಕ್ರೀ ಮನೆಗಳಲ್ಲಿ ಅಜ್ಜಿಯನ್ನು ಕೋಕಮ್ ಎನ್ನುತ್ತಾರಂತೆ. ಡ್ಯಾನಿಯಲ್‌ನ ಕೋಕಮ್ ಹೆಸರು ರೋಸ್. ಸೂಟ್‌ಕೇಸ್ ಅಷ್ಟರಲ್ಲಿ ಬಂದಿತ್ತು. ಅಕ್ಕ ಮೈಸೂರು ರೇಷ್ಮೆ ಉಟ್ಟು, ತಾಂಬೂಲದ ತಟ್ಟೆ ಹಿಡಿದು ಕಾರು ಹತ್ತಿದಳು. ಬೆಳಗ್ಗೆಯೇ ಹೊರಟೆವು. ದಾರಿಯುದ್ದಕ್ಕೂ ಗೋಧಿ ಹೊಲ, ಆಮೇಲೆ ಮರಗಳು, ಆಮೇಲೆ ನೀರು.

ರೋಸ್ ಸಣ್ಣ ಆಳು, ಅಕ್ಕನದೇ ವಯಸ್ಸು. ನಮ್ಮ ರೊಟ್ಟಿಗಿಂತ ದಪ್ಪನೆಯ ಬ್ಯಾನಕ್ ಎಂಬ ರೊಟ್ಟಿ ಮಾಡಿ, ಇದಕ್ಕೆ ಕೊಬ್ಬು ಹಾಕಿಲ್ಲ, ಎಣ್ಣೆ ಹಾಕಿದ್ದೇನೆ, ಆದ್ದರಿಂದ ರುಚಿಯಿಲ್ಲ ಎಂದು ಮೊದಲೇ ಹೇಳಿ ಬಡಿಸಿದಳು. ಊರಿಗೆ ಹೆಸರು ಕೊಟ್ಟ ಆ ಸಣ್ಣ ಹಣ್ಣಿನ ಜಾಮ್ ಹಚ್ಚಿಕೊಂಡು ತಿಂದೆವು. ಅಕ್ಕ ಎರಡು ತಿಂದಳು.

ಕ್ರೀ ಎಂಬುದರ ಅರ್ಥವೇನು ಎಂದು ನಾನು ಕೇಳಿದೆ. ಅದು ತಮ್ಮ ಮಾತಲ್ಲ, ಫ್ರೆಂಚರು ಇಟ್ಟದ್ದು ಎಂದಳು ರೋಸ್. ತಮ್ಮ ಮಾತಿನಲ್ಲಿ ತಾವು ನೇಹಿಯಾವ್. ಚಿಕ್ಕಂದಿನಲ್ಲಿ ಸರ್ಕಾರದವರು ತನ್ನನ್ನು ಮನೆಯಿಂದ ಒಯ್ದು ಸೇರಿಸಿದ ಶಾಲೆಯಲ್ಲಿ ಆ ಪದವನ್ನು ಆಡಿದರೆ ಏಟು ಬೀಳುತ್ತಿತ್ತು, ಈಗ ಅದೇ ಸರ್ಕಾರದವರು ಸಭೆ ಶುರು ಮಾಡುವ ಮುಂಚೆ ಇದು ಇವರ ನೆಲ ಎನ್ನುತ್ತ ಆ ಪದವನ್ನು ಕಷ್ಟಪಟ್ಟು ಉಚ್ಚರಿಸುತ್ತಾರೆ, ತಾನು ಕುಳಿತು ಕೇಳುತ್ತೇನೆ ಎಂದಳು. ಚಹಾ ಸೋಸುತ್ತ, ಹವಾಮಾನದ ಸುದ್ದಿ ಹೇಳುವಂತೆ ಹೇಳಿದಳು. ಅಕ್ಕ ಎದ್ದು ಹೋಗಿ ಅವಳ ಕೈಯಿಂದ ಸೋಸಣಿಗೆ ತೆಗೆದುಕೊಂಡು ಉಳಿದ ಲೋಟಗಳಿಗೆ ತಾನೇ ಸೋಸಿದಳು.

ನಿಮ್ಮ ಜಯನಗರದಲ್ಲಿ ನಿಮಗಿಂತ ಮುಂಚೆ ಯಾರಿದ್ದರು ಎಂದು ರೋಸ್ ಸಹಜವಾಗಿ ಕೇಳಿದಳು. ಬಡಾವಣೆ ಆಗುವ ಮುಂಚೆ ಅಲ್ಲಿ ರಾಗಿ ಹೊಲಗಳಿದ್ದವು, ಹೊಲದವರ ಮಕ್ಕಳು ಮೊಮ್ಮಕ್ಕಳು ಈಗಲೂ ಪಕ್ಕದ ಹಳ್ಳಿಯಲ್ಲಿದ್ದಾರೆ, ಹಳ್ಳಿ ಎಂದರೆ ಹಳ್ಳಿಯಲ್ಲ, ನಾಲ್ಕು ಕಡೆಯೂ ಊರು ಬೆಳೆದು ನಡುವೆ ಸಿಕ್ಕಿಕೊಂಡ ಗಲ್ಲಿಗಳು ಎಂದು ಅಕ್ಕ ಹೇಳಿದಳು. ಅವರನ್ನು ನೀವು ಏನೆಂದು ಕರೆಯುತ್ತೀರಿ ಎಂದಳು ರೋಸ್. ಅಕ್ಕ ಒಂದು ಗುಟುಕು ಚಹಾ ಕುಡಿದಳು.

"ಲೋಕಲ್ಸ್," ಎಂದಳು.

ಅದು ಇಂಗ್ಲಿಷ್ ಪದವೇ ಆದ್ದರಿಂದ ರೋಸ್‌ಗೆ ಅರ್ಥವಾಯಿತು. ಆದರೆ ಅಕ್ಕ ಅಂದ ರೀತಿಯಿಂದ ಇನ್ನೂ ಹೆಚ್ಚು ಅರ್ಥವಾಗಿರಬೇಕು. ಅವಳು ತುಟಿ ಬಿಗಿದು ನಗು ತಡೆದುಕೊಂಡಳು.

ಅಕ್ಕನ ಫೋನ್ ಹೊಡೆದುಕೊಂಡದ್ದು ಆಗ. ಬೆಂಗಳೂರಿನಲ್ಲಿ ರಾತ್ರಿಯೂಟ ಮುಗಿದು, ಧಾರಾವಾಹಿಯೂ ಮುಗಿದು ಕಮಲಮ್ಮನಿಗೆ ಬಿಡುವಾಗಿತ್ತು. ವಿಡಿಯೋ ಕಾಲ್. ಅಕ್ಕನಿಗೆ ಅದನ್ನು ಕತ್ತರಿಸಲು ಬರುವುದಿಲ್ಲ, ತೆಗೆಯಲು ಮಾತ್ರ ಬರುತ್ತದೆ.

"ಸರೋಜಾ, ಹುಡುಗನ್ನ ತೋರ್ಸೇ. ನಿಮ್ಮ ನೇಟಿವ್‌ನೋನೇ ಅಂದ್ಯಲ್ಲ, ಕೆಂಚನಹಳ್ಳೀಲಿ ಯಾರ ಮನೆ? ನಮ್ಮ ಯಜಮಾನ್ರ ಕಡೆಯೋರು ಆ ಸೀಮೆಯೋರೇ, ವಿಚಾರಿಸ್ತಾರಂತೆ."

ಅನನ್ಯ ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದಳು. ಅವಳ ಕನ್ನಡ ಕಡಿಮೆ ಎಂದೆನಲ್ಲ, ಇದಕ್ಕೆ ಸಾಕಾಗುವಷ್ಟು ಇತ್ತು.

"ಅಜ್ಜಿ, ನೀನು ಅವ್ರಿಗೆ ಹೇಳೇ ಇಲ್ವಾ?"

ಅವಳ ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು. ಅವಳು ಡ್ಯಾನಿಯಲ್ ಕಡೆ ನೋಡಿದಳು. ಅವನಿಗೆ ಮಾತು ತಿಳಿಯದಿದ್ದರೂ ಏನೋ ಆಗಿದೆ ಎಂದು ತಿಳಿದು, ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಫೋನಿನಲ್ಲಿ ಕಮಲಮ್ಮ ಹಲೋ ಹಲೋ ಎನ್ನುತ್ತಿದ್ದರು. ನೆಟ್‌ವರ್ಕ್ ಹೋಗಿದೆ ಎಂದು ಹೇಳಿ ಮುಗಿಸಿಬಿಡು ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ನಿವೃತ್ತಿಯಾದ ಮೇಲೂ ವಿಮಾ ಕಚೇರಿಯ ಬುದ್ಧಿ ಹೋಗುವುದಿಲ್ಲ. ಅಕ್ಕ ನನ್ನ ಕಡೆ ನೋಡಲಿಲ್ಲ. ಫೋನನ್ನು ತೋಳಿನುದ್ದಕ್ಕೆ ಹಿಡಿದು, ಹುಡುಗನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಳು.

"ಕಮಲಾ, ಇವ್ನೇ ಹುಡುಗ. ಡ್ಯಾನಿಯಲ್ ಅಂತ. ಕೆಂಚನಹಳ್ಳಿಯೋನಲ್ಲ, ನಾನು ತಪ್ಪು ತಿಳ್ಕೊಂಡಿದ್ದೆ. ಆಮೇಲೆ ಗೊತ್ತಾದ್ರೂ ನಿಂಗೆ ಹೇಳಿರ್ಲಿಲ್ಲ."

"ಮತ್ತೆ ನೇಟಿವ್ ಯಾವ್ದು?"

"ಇದೇ. ಈ ದೇಶ. ಬಿಳಿಯರೆಲ್ಲ ಆಮೇಲೆ ಬಂದೋರು, ಇವ್ರು ಮೊದ್ಲಿಂದ್ಲೂ ಇರೋರು. ಅವನ ನೇಟಿವ್‌ಗೆ ನಾವು ಬಂದಿದೀವಿ."

ಕಮಲಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ಆಮೇಲೆ ಅವರ ದನಿಯಲ್ಲಿ ಗೌರವ ಬಂತು.

"ಹಂಗಾದ್ರೆ ಜಮೀನು ಚೆನ್ನಾಗಿರ್ಬೇಕು."

ಅಕ್ಕ ಕಿಟಕಿಯಾಚೆ ನೋಡಿದಳು. ಸರೋವರ, ಅದರಾಚೆ ಕಾಡು, ಅದರಾಚೆ ನಾವು ದಾಟಿ ಬಂದ ಕೊನೆಯಿಲ್ಲದ ಗೋಧಿ ಹೊಲಗಳು.

"ಇತ್ತು," ಎಂದಳು. "ಪೂರ್ತಿ ಇವ್ರದೇ ಇತ್ತು."

ಫೋನ್ ಇಟ್ಟ ಮೇಲೆ ಅನನ್ಯ ಬಂದು ಅಜ್ಜಿಯ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಹುಡುಗನಿಗೆ ಯಾರೂ ಅನುವಾದ ಮಾಡಲಿಲ್ಲ. ಹೊರಡುವಾಗ ಅಕ್ಕ ತಾಂಬೂಲದ ತಟ್ಟೆಯನ್ನು ರೋಸ್ ಕೈಗೆ ಕೊಟ್ಟು, ಮದುವೆ ನಿಶ್ಚಯವಾಯಿತು ಎಂದಳು. ದಿನ ಗೊತ್ತಾಗಿ, ಜಾಗ ಗೊತ್ತಾಗಿ ತಿಂಗಳುಗಳೇ ಆಗಿದ್ದವು. ರೋಸ್ ಅದನ್ನು ಹೇಳದೆ, ಬಹಳ ಸಂತೋಷ ಎಂದು ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮದುವೆ

ಸರೋವರದ ದಂಡೆಯಲ್ಲೇ ಮದುವೆ ನಡೆಯಿತು. ನಮ್ಮ ಕಡೆಯಿಂದ ಮಾಂಗಲ್ಯ, ಅಕ್ಷತೆ. ಅವರ ಕಡೆಯಿಂದ ಪರಿಮಳದ ಸೊಪ್ಪಿನ ಹೊಗೆ. ಹೊಗೆ ಹತ್ತಿರ ಬಂದಾಗ ಏನು ಮಾಡಬೇಕೆಂದು ಅಕ್ಕನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮಂಗಳಾರತಿಯೆಂಬಂತೆ ಎರಡೂ ಕೈಯಿಂದ ಎಳೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಅವರ ಕಡೆಯ ಹಿರಿಯರೂ ಅದನ್ನೇ ಮಾಡುತ್ತಿದ್ದರು. ಪಕ್ಕದ ಮನೆಯ ಬಾಬ್ ಕೂಡ ಬಂದಿದ್ದರು, ಹೊಸ ಕೋಟು ಹಾಕಿಕೊಂಡು. ಕೊನೆಯ ಸಾಲಿನಲ್ಲಿ ಕುಳಿತು, ಮಾಂಗಲ್ಯ ಕಟ್ಟುವಾಗ ಎಲ್ಲರಿಗಿಂತ ಹೆಚ್ಚು ಅತ್ತವರು ಅವರೇ.

ಊಟಕ್ಕೆ ಕುಳಿತಾಗ ರೋಸ್ ಎದ್ದು ನಿಂತು ತಮ್ಮ ಭಾಷೆಯಲ್ಲಿ ನಾಲ್ಕು ಮಾತು ಆಡಿದಳು. ಮಧ್ಯೆ ಮಧ್ಯೆ ನಮ್ಮ ಕಡೆ ಕೈ ತೋರಿದಳು. ಅವರ ಜನರೆಲ್ಲ ಮೇಜು ಬಡಿದು ನಕ್ಕರು. ಅಕ್ಕನಿಗೆ ಕಸಿವಿಸಿಯಾಯಿತು. ಡ್ಯಾನಿಯಲ್ ಬಂದು ನಮಗೆ ಇಂಗ್ಲಿಷಿನಲ್ಲಿ ಹೇಳಿದ. ಹಿಂದೊಮ್ಮೆ ಬಿಳಿಯರು ಇಂಡಿಯಾ ಹುಡುಕಿಕೊಂಡು ಹಡಗು ಹತ್ತಿ, ದಾರಿ ತಪ್ಪಿ ಈ ಕಡೆಯ ನೆಲ ಮುಟ್ಟಿ, ಕಂಡ ಜನರನ್ನೆಲ್ಲ ಇಂಡಿಯನ್ಸ್ ಎಂದು ಕರೆದರು. ಅವರು ಹುಡುಕುತ್ತಿದ್ದ ಜನ ಕೊನೆಗೂ ಇಲ್ಲಿಗೆ ಬಂದಿದ್ದಾರೆ, ಸೀರೆ ಉಟ್ಟುಕೊಂಡು. ನಿಮ್ಮ ಹೆಸರನ್ನು ನಾವು ಇಷ್ಟು ದಿನ ಹೊತ್ತು ಸುಸ್ತಾಗಿದ್ದೇವೆ, ಹೋಗುವಾಗ ವಾಪಸ್ ತೆಗೆದುಕೊಂಡು ಹೋಗಿ ಎನ್ನುತ್ತಿದ್ದಾಳೆ ಕೋಕಮ್.

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅಕ್ಕ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಅವಳ ಟೆಲಿಫೋನ್ ಇಂಗ್ಲಿಷಿಗೆ ಮೀರಿದ ಮಾತಾದ್ದರಿಂದ ಕನ್ನಡದಲ್ಲಿ ಹೇಳಿದಳು, ನಾನು ಒಂದೊಂದೇ ವಾಕ್ಯವಾಗಿ ಅನುವಾದ ಮಾಡಿದೆ.

"ಅದು ನಮ್ಮದೂ ಅಲ್ಲಮ್ಮ. ನಮಗೂ ಹೊರಗಿನೋರೇ ಇಟ್ಟಿದ್ದು."

ಹಾಗಾದರೆ ಅದು ಯಾರದು ಎಂದಳು ರೋಸ್.

"ಒಂದು ನದಿ ಹೆಸರು."

ಹಾಗಿದ್ದರೆ ನದಿಗೇ ಕೊಟ್ಟುಬಿಡಿ ಎಂದಳು ರೋಸ್.

"ಕೊಡಬಹುದಿತ್ತು," ಎಂದಳು ಅಕ್ಕ. "ಆದ್ರೆ ನದಿ ಹೆಚ್ಚುಕಮ್ಮಿ ಪೂರ್ತಿ ಪಕ್ಕದ ದೇಶಕ್ಕೆ ಹೋಗ್ಬಿಟ್ಟಿದೆ. ಅಲ್ಲಿಗೆ ಹೋಗೋಕ್ಕೆ ನಮಗೆ ವೀಸಾ ಸಿಗಲ್ಲ."

ನಾನು ಅನುವಾದಿಸಿ ಮುಗಿಸುವ ಹೊತ್ತಿಗೆ ರೋಸ್ ಮೇಜು ಹಿಡಿದುಕೊಂಡು ನಗತೊಡಗಿದ್ದಳು. ನಕ್ಕು ನಕ್ಕು ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಅನನ್ಯ ಮದುವೆ ಸೀರೆಯಲ್ಲೇ ನೀರು ತರಲು ಓಡಿದಳು. ಅಕ್ಕ ಮೇಜು ಸುತ್ತಿ ಹೋಗಿ, ಪಕ್ಕದಲ್ಲಿ ಕುಳಿತು, ಕೆಮ್ಮು ನಿಲ್ಲುವವರೆಗೂ ಅವಳ ಬೆನ್ನು ತಟ್ಟುತ್ತಿದ್ದಳು.